ಲಾಲಾಶ್ಮರಿ: ಊಟದ ಹೊತ್ತಿನ ಬಾವು



ಮನುಷ್ಯದೇಹಕ್ಕೆ ಬರುವ ನೋವುಗಳಲ್ಲಿ ಹೊತ್ತುಗೊತ್ತಿಲ್ಲದೆ ಬರುವುವು ಹಲವು. ಹೊತ್ತನ್ನರಿತು ಬರುವುವು ಕೆಲವು. ಕೀಲುವಾತದವರಿಗೆ ಹಾಸಿಗೆಯಿಂದೇಳುವ ಮುಂಜಾವದಲ್ಲಿಯೇ ಕೈಬೆರಳುಗಳು ಬಿಗಿದಿರುತ್ತವೆ. ಸಣ್ಣಕರುಳಿನ ಮೊದಲ ಭಾಗದಲ್ಲಿ ಹುಣ್ಣಾದವರಿಗೆ ಹೊಟ್ಟೆ ಬರಿದಾದ ನಡುರಾತ್ರಿಯಲ್ಲಿ ಉರಿ ಎದ್ದು ಎಚ್ಚರಿಸುತ್ತದೆ. ಇಂಥ ಕಾಲನಿಷ್ಠ ವ್ಯಾಧಿಗಳ ವರ್ಗಕ್ಕೆ ಸೇರಿದ್ದು, ಎಲೆಯ ಮುಂದೆ ಕುಳಿತು ಮೊದಲ ತುತ್ತನ್ನೆತ್ತುವ ಗಳಿಗೆಯನ್ನೇ ತನ್ನ ಮುಹೂರ್ತವಾಗಿ ಆರಿಸಿಕೊಂಡಿರುವ ಒಂದು ವ್ಯಾಧಿಯನ್ನು ಕುರಿತು ಇಂದು ನಾಲ್ಕು ಮಾತುಗಳನ್ನಾಡಬೇಕೆಂದಿದ್ದೇನೆ. ಜೊಲ್ಲನ್ನು ಸ್ರವಿಸುವ ಗ್ರಂಥಿಗಳಲ್ಲಿಯೋ, ಆ ಜೊಲ್ಲನ್ನು ಬಾಯಿಗೆ ತಂದು ಬಿಡುವ ನಾಳಗಳಲ್ಲಿಯೋ ಕಲ್ಲು ಕಟ್ಟುವ ಈ ವ್ಯಾಧಿಯನ್ನು ಲಾಲಾಶ್ಮರಿ ಎನ್ನಬಹುದು. ಮೂತ್ರಪಿಂಡದ ಕಲ್ಲನ್ನೂ ಪಿತ್ತಕೋಶದ ಕಲ್ಲನ್ನೂ ಕೇಳದವರಿಲ್ಲ. ಮೂತ್ರಾಶಯದ ಅಶ್ಮರಿಯನ್ನು ಶಸ್ತ್ರದಿಂದ ತೆಗೆಯುವ ಕ್ರಮವನ್ನಂತೂ ಸುಶ್ರುತಸಂಹಿತೆಯೇ ವಿಸ್ತಾರವಾಗಿ ವಿವರಿಸಿದೆ. ಬಾಯಲ್ಲಿಯೂ ಕಲ್ಲಾಗುವುದುಂಟೆಂದರೆ ಮಾತ್ರ ಓದುಬಲ್ಲವರು ಕೂಡ ಹುಬ್ಬೇರಿಸುತ್ತಾರೆ.

ಪುಣೆಯ ಕೊಥ್ರೂಡಿನಲ್ಲಿ ಮನೆ ಮಾಡಿಕೊಂಡಿರುವ, ಧಾರವಾಡದ ಕಡೆಯ ಒಬ್ಬ ಗೃಹಸ್ಥರನ್ನು ಕಲ್ಪಿಸಿಕೊಳ್ಳೋಣ. ವಯಸ್ಸು ನಲವತ್ತೈದರ ಆಸುಪಾಸು. ಕಾಲ ಏಪ್ರಿಲ್ ತಿಂಗಳ ಬಿರುಬಿಸಿಲು. ಬೆಳಗಿನಿಂದ ಕೆಲಸದ ಗಡಿಬಿಡಿಯಲ್ಲಿ ನೀರು ಕುಡಿಯುವುದನ್ನೇ ಮರೆತ ಅವರು ಮಧ್ಯಾಹ್ನ ಮನೆಗೆ ಬಂದು, ರೊಟ್ಟಿಯೊಡನೆ ಮಾವಿನಕಾಯಿಯ ಉಪ್ಪಿನಕಾಯಿಯನ್ನು ನಾಲಗೆಗೆ ಮುಟ್ಟಿಸಿದೊಡನೆ ಬಲದವಡೆಯ ಕೆಳಗೆ ಬಿಗಿದಂತಾಗಿ, ನೋಡನೋಡುತ್ತಿರುವಂತೆಯೇ ಅಲ್ಲಿ ನಿಂಬೆಯ ಗಾತ್ರದ ಬಾವು ಮೂಡುತ್ತದೆ. “ಇದೇನ್ರಿ, ಗದ್ದದ ಕೆಳಗ ಹಿಂಗ ಬಾತದಲ್ಲಾ?” ಎಂದು ಮನೆಯಾಕೆ ಗಾಬರಿಗೊಳ್ಳುತ್ತಾರೆ, ನೆರೆಮನೆಯ ಮರಾಠಿ ಅಜ್ಜಿ ಬಂದು ನೋಡಿ, ಇದು ಗಾಲಗುಂಡವೇ ಸರಿ, ಮಕ್ಕಳನ್ನು ಹತ್ತಿರ ಬಿಡಬೇಡಿರೆಂದು ತೀರ್ಪು ಕೊಡುತ್ತಾರೆ. ಗಾಲಗುಂಡವೆಂದರೆ ನಮ್ಮ ಮಂಗನಬಾವು. ಆದರೆ ಊಟ ಮುಗಿದು ಒಂದೆರಡು ತಾಸು ಕಳೆಯುವಷ್ಟರಲ್ಲಿ ಬಾವು ತಾನಾಗಿಯೇ ಇಳಿದು, ಬಂದ ಗುರುತೂ ಉಳಿಯದಂತಾಗುತ್ತದೆ. ಇಳಿದುಹೋದುದರಿಂದಲೇ ಅದನ್ನು ಎಲ್ಲರೂ ಮರೆಯುತ್ತಾರೆ. ಮರೆತುದರಿಂದಲೇ ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಉರುಳಿಹೋಗುತ್ತವೆ. ಈ ವ್ಯಾಧಿಯ ವಿಷಯದಲ್ಲಿ ನಾನು ಹೇಳಬೇಕಾದುದರ ತಿರುಳೆಲ್ಲ ಇಲ್ಲಿಯೇ ಅಡಗಿದೆ: ಹೊತ್ತಿಗೆ ಸರಿಯಾಗಿ ಬರುವ ಈ ಬಾವಿನ ಹೊತ್ತನ್ನು ಗಮನಿಸಿ ವೈದ್ಯನಿಗೆ ಹೇಳಿದವರಿಗೆ ಚಿಕಿತ್ಸೆ ಸುಲಭ; ಅಲಕ್ಷಿಸಿದವರು ಕಡೆಗೆ ಕಲ್ಲಿನೊಡನೆ ಗ್ರಂಥಿಯನ್ನೂ ಕಳೆದುಕೊಳ್ಳಬೇಕಾಗಬಹುದು.

ಈ ಮಾತು ಸ್ಪಷ್ಟವಾಗಬೇಕಾದರೆ ಅಂಗರಚನೆಯನ್ನು ಸ್ವಲ್ಪ ತಿಳಿಯಬೇಕು. ಬಾಯಿಗೆ ಲಾಲಾರಸವನ್ನೊದಗಿಸುವ ದೊಡ್ಡ ಗ್ರಂಥಿಗಳು ಮೂರು ಜೊತೆ. ಕಿವಿಯ ಮುಂದೆ, ಕೆನ್ನೆಯ ಹಿಂಬದಿಯಲ್ಲಿ ಹರಡಿಕೊಂಡಿರುವ ಕರ್ಣಪೂರ್ವ ಗ್ರಂಥಿ ಮೊದಲನೆಯದು. ಕೆಳದವಡೆಯ ಎಲುಬಿನ ಒಳಮಗ್ಗುಲಿಗೆ ಒತ್ತಿಕೊಂಡಿರುವ ಅಧೋಹನು ಗ್ರಂಥಿ ಎರಡನೆಯದು. ನಾಲಗೆಯ ಅಡಿಯಲ್ಲಿ ತೆಳ್ಳಗೆ ಮಲಗಿರುವ ಅಧೋಜಿಹ್ವಾ ಗ್ರಂಥಿ ಮೂರನೆಯದು. ಇವಲ್ಲದೆ ತುಟಿ, ಕೆನ್ನೆ, ಅಂಗುಳಗಳ ಒಳಪೊರೆಯಲ್ಲಿ ನೂರಾರು ಕಿರುಗ್ರಂಥಿಗಳುಂಟು. ಇವೆಲ್ಲ ಕೂಡಿ ದಿನವೊಂದಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ರಸವನ್ನು ಸುರಿಸುತ್ತವೆ. ನಾವು ಸುಮ್ಮನಿರುವಾಗ ಬಾಯನ್ನು ಒದ್ದೆಯಾಗಿಡುವ ರಸದಲ್ಲಿ ಹೆಚ್ಚಿನ ಪಾಲು ಅಧೋಹನು ಗ್ರಂಥಿಯದು. ಉಣ್ಣುವಾಗ ಧಾರೆಯಾಗಿ ಸುರಿಯುವ ತೆಳ್ಳನೆಯ ರಸದಲ್ಲಿ ದೊಡ್ಡ ಪಾಲು ಕರ್ಣಪೂರ್ವ ಗ್ರಂಥಿಯದು. ತಿನಿಸು ಬಾಯಿಗೆ ಬೀಳುವವರೆಗೆ ಇವು ಕಾಯುವುದೂ ಇಲ್ಲ. ನಾಯಿಗಳ ಲಾಲಾನಾಳವನ್ನು ಕೆನ್ನೆಯ ಹೊರಗೆ ತೆರೆಯುವಂತೆ ಮಾಡಿ, ಸುರಿದ ರಸವನ್ನು ಅಳೆದು ಪ್ರಯೋಗಗಳನ್ನು ನಡೆಸಿದ ರಷ್ಯದ ಪಾವ್ಲೋವ್ ಮಹಾಶಯನು ತೋರಿಸಿಕೊಟ್ಟಂತೆ, ಆಹಾರದ ಸುಳಿವು ಸಿಕ್ಕರೆ ಸಾಕು, ಗ್ರಂಥಿ ಕೆಲಸಕ್ಕೆ ತೊಡಗುತ್ತದೆ. ಕಲ್ಲಿನ ರೋಗಿಗಳಲ್ಲಿ ಕೆಲವರಿಗೆ ಹುಣಿಸೆಯ ಹುಳಿಯನ್ನು ನೆನೆದ ಮಾತ್ರಕ್ಕೆ ದವಡೆ ಬಿಗಿಯುವುದೇಕೆಂಬುದಕ್ಕೆ ಉತ್ತರ ಇದೇ.

ಗ್ರಂಥಿಯ ರಸವನ್ನು ಬಾಯಿಗೆ ತರುವ ನಾಳಗಳಿಗೆ ಅವನ್ನು ಕಂಡುಹಿಡಿದು ವಿವರಿಸಿದವರ ಹೆಸರುಗಳೇ ವೈದ್ಯಗ್ರಂಥಗಳಲ್ಲಿ ನಿಂತಿವೆ. ಅಧೋಹನು ಗ್ರಂಥಿಯ ನಾಳವನ್ನು ಇಂಗ್ಲೆಂಡಿನ ಥಾಮಸ್ ವಾರ್ಟನ್ 1656ರಲ್ಲಿ ಪ್ರಕಟವಾದ ತನ್ನ ಗ್ರಂಥಿಶಾಸ್ತ್ರದ ಪುಸ್ತಕದಲ್ಲಿ ವರ್ಣಿಸಿದನು. ಕರ್ಣಪೂರ್ವ ಗ್ರಂಥಿಯ ನಾಳ ಬೆಳಕಿಗೆ ಬಂದುದು 1660ರಲ್ಲಿ, ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ. ನೀಲ್ಸ್ ಸ್ಟೆನ್ಸನ್ ಎಂಬ ಇಪ್ಪತ್ತೆರಡು ವಯಸ್ಸಿನ ಡೆನ್ಮಾರ್ಕಿನ ವಿದ್ಯಾರ್ಥಿಯು ಕುರಿಯ ತಲೆಯೊಂದನ್ನು ಛೇದಿಸುತ್ತಿರುವಾಗ, ಅವನ ಕೈಯ ಶಲಾಕೆ ಅರಿಯದ ನಾಳವೊಂದನ್ನು ಹೊಕ್ಕು, ಮುಂದೆ ಸರಿದು, ಹಲ್ಲಿಗೆ ತಾಗಿ ಸದ್ದು ಮಾಡಿತು. ಈ ಸ್ಟೆನ್ಸನ್ನನೇ ಒಂಬತ್ತು ವರ್ಷಗಳ ತರುವಾಯ, ಇಟಲಿಯ ಫ್ಲಾರೆನ್ಸಿನಲ್ಲಿದ್ದಾಗ, ಘನವಸ್ತುಗಳೊಳಗೆ ಘನವಸ್ತುಗಳು ಹೇಗೆ ನೆಲೆಗೊಳ್ಳುತ್ತವೆಂಬುದನ್ನು ಕುರಿತು ಪುಸ್ತಕ ಬರೆದು, ಬಂಡೆಗಳಲ್ಲಿ ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು ಎಂಬ ತತ್ತ್ವವನ್ನು ನಿರೂಪಿಸಿ ಭೂವಿಜ್ಞಾನಕ್ಕೆ ಅಡಿಗಲ್ಲನ್ನಿಟ್ಟನು. ಪುಣೆಯ ಹತ್ತಿರದ ಸಿಂಹಗಡದ ಮೈಯಲ್ಲಿ ಹಂತಹಂತವಾಗಿ ತೋರುವ ಲಾವಾಶಿಲೆಯ ಪದರಗಳನ್ನು ಇಂದಿಗೂ ಭೂವಿಜ್ಞಾನಿಗಳು ಓದುವುದು ಆ ತತ್ತ್ವದ ಆಧಾರದ ಮೇಲೆಯೇ. ಜೊಲ್ಲಿನ ದಾರಿಯನ್ನು ಕಂಡವನೂ ಕಲ್ಲಿನ ಪದರವನ್ನು ಓದಿದವನೂ ಒಬ್ಬನೇ ಆದುದು ವಿದ್ಯೆಯ ಚರಿತ್ರೆಯಲ್ಲಿ ಒಂದು ಸ್ವಾರಸ್ಯ. ಏಕೆಂದರೆ ಲಾಲಾಶ್ಮರಿಯನ್ನು ಅಡ್ಡಕ್ಕೆ ಕೊಯ್ದು ನೋಡಿದರೆ, ನಡುವೆ ಒಂದು ತಿರುಳೂ ಅದರ ಸುತ್ತ ಒಂದರ ಮೇಲೊಂದಾಗಿ ಕವಿದ ಪದರಗಳೂ ಕಾಣಿಸುತ್ತವೆ. ಒಂದು ದಿನದಲ್ಲಿ ಆಗುವ ಕಲ್ಲು ಇದಲ್ಲ. ವರ್ಷಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಬೆಳೆಯುತ್ತದೆಂದು ಬಲ್ಲವರ ಅಂದಾಜು.

ಕಲ್ಲುಗಳಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಅಧೋಹನು ಗ್ರಂಥಿ ಮತ್ತು ಅದರ ನಾಳಗಳ ಪಾಲಿಗೇ ಬರುತ್ತವೆ. ಉಳಿದುದರಲ್ಲಿ ಬಹುಪಾಲು ಕರ್ಣಪೂರ್ವ ಗ್ರಂಥಿಯದು. ಅಧೋಜಿಹ್ವಾ ಗ್ರಂಥಿಯಲ್ಲಿ ಕಲ್ಲು ಕಾಣುವುದು ವಿರಳ. ಈ ಪಕ್ಷಪಾತಕ್ಕೆ ಕಾರಣಗಳಿವೆ. ಅಧೋಹನು ಗ್ರಂಥಿಯ ರಸ ಹೆಚ್ಚು ಅಂಟಾದುದು, ಕ್ಷಾರಗುಣದ್ದು, ಸುಣ್ಣದ ಲವಣಗಳು ಅದರಲ್ಲಿ ಅಧಿಕ. ಅದರ ನಾಳವೋ ಸುಮಾರು ಐದು ಸೆಂಟಿಮೀಟರ್ ಉದ್ದದ್ದು. ದವಡೆಯಡಿಯ ಸ್ನಾಯುವಿನ ಹಿಂಬದಿಯ ಅಂಚನ್ನು ಬಳಸಿ ಬಾಗಿ, ಕೆಳಗಿನಿಂದ ಮೇಲಕ್ಕೇರಿ, ನಾಲಗೆಯ ಅಡಿಯಲ್ಲಿ ಎಳೆದಂತಿರುವ ಪೊರೆಯ ಪಕ್ಕದ ಸಣ್ಣ ಉಬ್ಬಿನಲ್ಲಿ ಬಹು ಕಿರಿದಾದ ರಂಧ್ರದಿಂದ ಬಾಯಿಗೆ ತೆರೆಯುತ್ತದೆ. ನಾನಾಸಾಹೇಬ ಪೇಶ್ವೆಯ ಕಾಲದಲ್ಲಿ ಕಾತ್ರಜ್ ಕೆರೆಯ ನೀರನ್ನು ನೆಲದಡಿಯ ಕಾಲುವೆಯ ಮೂಲಕ ಪುಣೆಯ ಪೇಟೆಗಳಿಗೆ ತಂದು ಹೌದುಗಳೆಂಬ ತೊಟ್ಟಿಗಳಲ್ಲಿ ತುಂಬಿದ ಏರ್ಪಾಟನ್ನು ಬಲ್ಲವರು ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು. ಕೆರೆಯಿದ್ದುದು ಎತ್ತರದಲ್ಲಿ, ಊರಿದ್ದುದು ತಗ್ಗಿನಲ್ಲಿ. ನೀರು ತನ್ನ ಭಾರದಿಂದಲೇ ಹರಿದು ಬರುತ್ತಿತ್ತು. ಅದೇ ಕಾಲುವೆಯನ್ನು ತಗ್ಗಿನಿಂದ ಎತ್ತರಕ್ಕೆ, ನಡುವೆ ಒಂದು ತಿರುವನ್ನಿಟ್ಟು, ಕೊನೆಯಲ್ಲಿ ಬಾಯನ್ನು ಕಿರಿದುಮಾಡಿ ಕಟ್ಟಿದ್ದರೆ ಹೂಳು ಎಲ್ಲಿ ನಿಲ್ಲುತ್ತಿತ್ತೆಂಬುದನ್ನು ಊಹಿಸಿದವರಿಗೆ ಅಧೋಹನು ನಾಳದ ಕಷ್ಟ ತಾನಾಗಿ ತಿಳಿಯುತ್ತದೆ. ಕರ್ಣಪೂರ್ವ ಗ್ರಂಥಿಯ ನಾಳವಾದರೋ ಕೆನ್ನೆಯನ್ನು ಹಾದು ಮೇಲ್ದವಡೆಯ ಎರಡನೆಯ ದವಡೆಹಲ್ಲಿನ ಎದುರಿಗೆ ತೆರೆಯುತ್ತದೆ. ಅದರ ರಸ ನೀರಿನಂತೆ ತೆಳ್ಳಗೆ.

ರಸ ನಿಂತಲ್ಲಿ ಉದುರಿದ ಜೀವಕೋಶಗಳು, ಲೋಳೆ, ಸೂಕ್ಷ್ಮಜೀವಿಗಳು ಗಂಟುಕಟ್ಟಿ ತಿರುಳಾಗುತ್ತವೆ; ಅದರ ಮೇಲೆ ಕ್ಯಾಲ್ಸಿಯಂ ಫಾಸ್ಫೇಟು, ಕಾರ್ಬೊನೇಟುಗಳು ಕವಿಯುತ್ತವೆ. ನೀರು ಸಾಕಷ್ಟು ಕುಡಿಯದವರಲ್ಲಿ ರಸ ಗಟ್ಟಿಯಾಗುತ್ತದೆ. ಈ ಪುಣೆ ನಗರದ ಉಡುಪಿ ಹೋಟೆಲುಗಳಲ್ಲಿ ಬೆಳಗಿನಿಂದ ಇರುಳಿನವರೆಗೆ ಕಾವಲಿಯ ಮುಂದೆ ನಿಂತು ಬೆವರು ಹರಿಸುವವರೂ, ಬಿಸಿಲಿನಲ್ಲಿ ಕಟ್ಟಡದ ಕೆಲಸ ಮಾಡುವ ವಿಜಾಪುರ, ಕಲಬುರಗಿಗಳ ಕಡೆಯ ನಮ್ಮ ಜನರೂ ಈ ಮಾತನ್ನು ವಿಶೇಷವಾಗಿ ನೆನಪಿಡಬೇಕು. ನೆಗಡಿಗೆ ನುಂಗುವ ಕೆಲವು ಗುಳಿಗೆಗಳು, ರಕ್ತದೊತ್ತಡಕ್ಕೆ ಕೊಡುವ ಮೂತ್ರವರ್ಧಕಗಳು, ಮನೋವ್ಯಾಧಿಗಳಿಗೆ ಕೊಡುವ ಕೆಲವು ಔಷಧಗಳು ಜೊಲ್ಲನ್ನು ಕುಗ್ಗಿಸುತ್ತವೆ. ಹಾಗೆಂದು ಅವನ್ನು ತಾವಾಗಿ ಬಿಡಕೂಡದು. ಬಾಯೊಣಗುವುದನ್ನು ವೈದ್ಯನಿಗೆ ತಿಳಿಸಬೇಕು. ಇನ್ನು ಜನರಲ್ಲಿರುವ ಎರಡು ನಂಬಿಕೆಗಳ ಮಾತು. ಕೊಳವೆಬಾವಿಯ ಗಡುಸು ನೀರು ಕುಡಿದುದರಿಂದ ಬಾಯಲ್ಲಿ ಕಲ್ಲಾಯಿತೆಂದು ಕೆಲವರು ಹೇಳುತ್ತಾರೆ. ವೀಳ್ಯದ ಸುಣ್ಣವೇ ನಾಳದೊಳಗೆ ಸೇರಿ ಕಲ್ಲಾಯಿತೆಂದು ಹಲವರು ಹೇಳುತ್ತಾರೆ. ಎರಡಕ್ಕೂ ಆಧಾರ ಸಾಲದು. ಈ ಕಲ್ಲಿನ ಸುಣ್ಣ ಗ್ರಂಥಿಯ ರಸದಿಂದಲೇ ಬಂದುದು. ರೋಗಿಯ ರಕ್ತದಲ್ಲಿ ಸುಣ್ಣದ ಅಂಶ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಆದುದರಿಂದ ಹಾಲುಮೊಸರುಗಳನ್ನು ಬಿಡುವುದರಿಂದ ಪ್ರಯೋಜನವಿಲ್ಲ. ಎಲೆ, ಅಡಕೆ, ತಂಬಾಕುಗಳನ್ನು ಬಿಡುವುದಕ್ಕೆ ಮಾತ್ರ ಬಾಯಿಯ ಅರ್ಬುದರೋಗವೆಂಬ ಬೇರೆಯ, ಇದಕ್ಕಿಂತ ಘೋರವಾದ ಕಾರಣವಿದೆ.

ಈಗ ರೋಗನಿರ್ಣಯದ ಕ್ರಮಕ್ಕೆ ಬರೋಣ. ಯಂತ್ರಗಳು ಹೆಚ್ಚಿದ ಈ ಕಾಲದಲ್ಲಿಯೂ ಲಾಲಾಶ್ಮರಿಯ ನಿರ್ಣಯದಲ್ಲಿ ಮೊದಲ ಸ್ಥಾನ ರೋಗಿಯ ಬಾಯಿಮಾತಿಗೇ ಸಲ್ಲುತ್ತದೆ. ಬಾವು ಯಾವಾಗ ಬರುತ್ತದೆ, ಹುಳಿ ತಿಂದರೆ ಹೆಚ್ಚುವುದೇ, ಎಷ್ಟು ಹೊತ್ತಿಗೆ ಇಳಿಯುತ್ತದೆ, ಒಂದೇ ಕಡೆಗೋ ಎರಡೂ ಕಡೆಗೋ, ಇಳಿಯುವಾಗ ಬಾಯಲ್ಲಿ ಉಪ್ಪುಪ್ಪಾದ ರಸ ಬಂದಂತಾಗುವುದೇ, ಎಂದಾದರೂ ಮರಳಿನ ಕಣದಂಥದು ಉದುರಿದೆಯೇ: ಈ ಪ್ರಶ್ನೆಗಳಿಗೆ ರೋಗಿಯು ನೆನೆದು ಉತ್ತರ ಕೊಟ್ಟರೆ ಅರ್ಧ ನಿರ್ಣಯ ಮುಗಿದಂತೆಯೇ. ಎರಡನೆಯದು ವೈದ್ಯನ ಕಣ್ಣು. ನಾಲಗೆಯನ್ನೆತ್ತಿಸಿ, ನಾಳದ ಬಾಯನ್ನು ಒರಸಿ ಒಣಗಿಸಿ, ಹೊರಗಿನಿಂದ ಗ್ರಂಥಿಯನ್ನು ಮೆಲ್ಲಗೆ ಒತ್ತಿದಾಗ ಅಲ್ಲಿ ತಿಳಿಯಾದ ರಸ ಒಸರುವುದೋ, ಕೀವು ಒಸರುವುದೋ, ಏನೂ ಒಸರದೋ ಎಂಬುದನ್ನು ಅವನು ನೋಡುತ್ತಾನೆ. ಕಲ್ಲು ಬಾಯಿಯ ಹತ್ತಿರವೇ ಇದ್ದರೆ ತೆಳುವಾದ ಪೊರೆಯಡಿಯಲ್ಲಿ ಹಳದಿಯಾಗಿ ಹೊಳೆಯುವುದೂ ಉಂಟು. ಮೂರನೆಯದು ಬೆರಳು. ಒಂದು ಕೈಯ ಬೆರಳನ್ನು ಬಾಯೊಳಗೆ ನಾಲಗೆಯ ಪಕ್ಕದಲ್ಲಿಟ್ಟು, ಇನ್ನೊಂದು ಕೈಯನ್ನು ಹೊರಗೆ ದವಡೆಯಡಿಯಲ್ಲಿಟ್ಟು, ಎರಡರ ನಡುವೆ ನಾಳವನ್ನು ಹಿಂದಿನಿಂದ ಮುಂದಕ್ಕೆ ತಡವಿಕೊಂಡು ಬಂದರೆ ಕಲ್ಲು ಬೆರಳಿಗೆ ಸಿಕ್ಕುತ್ತದೆ. ಮುಂದಿನಿಂದ ಹಿಂದಕ್ಕೆ ತಡವಿದರೆ ಎಟುಕುವ ಕಲ್ಲನ್ನು ಎಟುಕದ ಗ್ರಂಥಿಯೊಳಕ್ಕೆ ನಾವೇ ನೂಕಿದಂತಾದೀತು.

ಇವುಗಳ ಬಳಿಕ ಯಂತ್ರಗಳ ಸರದಿ. ಹಲ್ಲುಗಳ ನಡುವೆ ಫಿಲ್ಮನ್ನು ಕಚ್ಚಿಸಿ, ಗದ್ದದ ಕೆಳಗಿನಿಂದ ಕ್ಷ-ಕಿರಣವನ್ನು ಹಾಯಿಸಿ ತೆಗೆಯುವ ಚಿತ್ರದಲ್ಲಿ ಅಧೋಹನು ನಾಳದ ಕಲ್ಲುಗಳಲ್ಲಿ ಬಹುಪಾಲು ಬೆಳ್ಳಗೆ ಮೂಡುತ್ತವೆ; ಕರ್ಣಪೂರ್ವ ಗ್ರಂಥಿಯ ಕಲ್ಲುಗಳಲ್ಲಿ ಹಲವು ಕ್ಷ-ಕಿರಣಕ್ಕೆ ಮರೆಯಾಗಿಯೇ ಉಳಿಯುತ್ತವೆ. ಚಿತ್ರದಲ್ಲಿ ಕಾಣಲಿಲ್ಲವೆಂದ ಮಾತ್ರಕ್ಕೆ ಕಲ್ಲಿಲ್ಲವೆಂದು ತಿಳಿಯಬಾರದೆಂಬುದು ಇದರಿಂದ ಸ್ಪಷ್ಟ. ಸೋನೋಗ್ರಫಿ ಎಂದು ಇಲ್ಲಿನ ಜನರೆಲ್ಲ ಕರೆಯುವ ಶ್ರವಣಾತೀತ ಧ್ವನಿಯ ಪರೀಕ್ಷೆ ಅಗ್ಗ, ನಿರಪಾಯ, ಗರ್ಭಿಣಿಯರಿಗೂ ಸಲ್ಲುವಂಥದು. ಎರಡು ಮಿಲಿಮೀಟರಿಗಿಂತ ದೊಡ್ಡ ಕಲ್ಲುಗಳನ್ನೂ, ಅವುಗಳ ಹಿಂದೆ ಉಬ್ಬಿದ ನಾಳವನ್ನೂ ಅದು ಸಾಮಾನ್ಯವಾಗಿ ತೋರಿಸಿಕೊಡುತ್ತದೆ. ಅದರಿಂದಲೂ ಸಂದೇಹ ತೀರದಿದ್ದರೆ ಸಿ.ಟಿ. ಸ್ಕ್ಯಾನ್ ಸಣ್ಣ ಕಲ್ಲುಗಳನ್ನೂ ಎಣಿಸಿ ಹೇಳುತ್ತದೆ. ನಾಳದೊಳಕ್ಕೆ ಅಯೊಡಿನ್ ಬೆರೆತ ದ್ರವವನ್ನು ತುಂಬಿ ಚಿತ್ರ ತೆಗೆಯುವ ಹಳೆಯ ಪದ್ಧತಿಯೊಂದುಂಟು. ನಾಳದ ಕವಲುಗಳನ್ನೂ ಇರುಕುಗಳನ್ನೂ ಅದು ಚೆನ್ನಾಗಿ ತೋರಿಸುವುದಾದರೂ, ಗ್ರಂಥಿ ಕೀವುಗಟ್ಟಿ ಕೆರಳಿರುವಾಗ ಅದನ್ನು ಮಾಡಕೂಡದು.

ದವಡೆಯ ಕೆಳಗಿನ ಬಾವೆಲ್ಲ ಕಲ್ಲಿನದೇ ಅಲ್ಲ. ಮಂಗನಬಾವು ಬಹುಮಟ್ಟಿಗೆ ಮಕ್ಕಳದು. ಜ್ವರದೊಡನೆ ಬಂದು, ಅನೇಕ ವೇಳೆ ಎರಡು ಕೆನ್ನೆಗಳನ್ನೂ ಹಿಡಿದು, ಊಟವಾದೊಡನೆ ಇಳಿಯದೆ ದಿನಗಟ್ಟಲೆ ನಿಲ್ಲುತ್ತದೆ. ಹುಳುಕುಹಲ್ಲಿನ ಬೇರಿನ ಕೀವು, ಕ್ಷಯದಿಂದ ಕತ್ತಿನಲ್ಲಿ ಏಳುವ ಗಂಡಮಾಲೆ, ಕಲ್ಲಿಲ್ಲದೆಯೇ ನಾಳ ಇರುಕಾಗುವುದು, ಕಣ್ಣುಬಾಯಿಗಳೆರಡನ್ನೂ ಒಣಗಿಸುವ ಶೋಗ್ರೆನ್ ವ್ಯಾಧಿ, ಇವೆಲ್ಲ ಇದೇ ಸ್ಥಳದಲ್ಲಿ ಬಾವನ್ನೆಬ್ಬಿಸಬಲ್ಲವು. ಎಲ್ಲಕ್ಕಿಂತ ಎಚ್ಚರ ಬೇಕಾದುದು ಊಟಕ್ಕೂ ತನಗೂ ಸಂಬಂಧವಿಲ್ಲದಂತೆ, ನೋವನ್ನೂ ಕೊಡದೆ, ತಿಂಗಳಿನಿಂದ ತಿಂಗಳಿಗೆ ಸುಮ್ಮನೆ ಬೆಳೆಯುತ್ತ ಹೋಗುವ ಗಂಟಿನ ವಿಷಯದಲ್ಲಿ. ಅದು ಗ್ರಂಥಿಯ ಗೆಡ್ಡೆಯಾಗಿರಬಹುದು. ಸೂಜಿಯಿಂದ ಜೀವಕೋಶಗಳನ್ನು ತೆಗೆದು ಪರೀಕ್ಷಿಸಬೇಕು. ನೋವು ಮನುಷ್ಯನನ್ನು ವೈದ್ಯನ ಬಾಗಿಲಿಗೆ ಕರೆತರುತ್ತದೆ. ನೋವಿಲ್ಲದ ಗಂಟು ಮನೆಯಲ್ಲಿಯೇ ಕೂರಿಸುತ್ತದೆ. ಹೀಗಾಗಿ ಎರಡನೆಯದೇ ಹೆಚ್ಚು ಅಪಾಯಕರ.

ಕಲ್ಲಿನ ಹಿಂದೆ ನಿಂತ ರಸದಲ್ಲಿ ಸೋಂಕು ತಗಲಿದಾಗ ಮಾತ್ರ ಕಥೆಯ ರೀತಿಯೇ ಬದಲಾಗುತ್ತದೆ. ಬಾವು ಊಟದ ನಂತರವೂ ಇಳಿಯದೆ, ಚರ್ಮ ಕೆಂಪೇರಿ, ಜ್ವರ ಬಂದು, ಬಾಯಿಗೆ ಕೀವು ಸುರಿಯುತ್ತದೆ. ಈ ಸೋಂಕು ನಾಲಗೆಯ ಅಡಿಯ ಜಾಗವನ್ನೆಲ್ಲ ವ್ಯಾಪಿಸಿ, ನಾಲಗೆ ಮೇಲಕ್ಕೆತ್ತಿದಂತಾಗಿ, ಜೊಲ್ಲು ನುಂಗಲಾಗದೆ, ಮಾತು ತೊದಲಿ, ಉಸಿರು ಕಟ್ಟುವ ಸ್ಥಿತಿಯೊಂದುಂಟು. ಜರ್ಮನಿಯ ಲುಡ್ವಿಗ್ ಎಂಬ ವೈದ್ಯನು 1836ರಲ್ಲಿ ಇದನ್ನು ವರ್ಣಿಸಿದನು. ಹುಳುಕುಹಲ್ಲೇ ಅದಕ್ಕೆ ಹೆಚ್ಚಿನ ಕಾರಣವಾದರೂ ಕಲ್ಲಿನಿಂದಲೂ ಬರಬಹುದು. ಅಂಥ ಲಕ್ಷಣ ಕಂಡೊಡನೆ, ಹಗಲಿರಲಿ ಇರುಳಿರಲಿ, ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಧಾವಿಸಬೇಕು. ಬೆಳಗಾಗಲೆಂದು ಕಾಯುವುದು ಸಲ್ಲದು.

ಚಿಕಿತ್ಸೆಯಲ್ಲಿ ಮೊದಲ ಮೆಟ್ಟಿಲು ಮನೆಯದೇ. ಕಲ್ಲು ಸಣ್ಣದಾಗಿದ್ದು ಸೋಂಕಿಲ್ಲದಿದ್ದರೆ, ನೀರನ್ನು ಧಾರಾಳವಾಗಿ ಕುಡಿದು, ಬಿಸಿನೀರಿನ ಬಟ್ಟೆಯಿಂದ ಶಾಖ ಕೊಟ್ಟು, ನಿಂಬೆಯ ಹೋಳನ್ನು ಚೀಪಿ, ಗ್ರಂಥಿಯನ್ನು ಹಿಂದಿನಿಂದ ಮುಂದಕ್ಕೆ ಮೆಲ್ಲಗೆ ನೀವುತ್ತಿದ್ದರೆ, ರಸದ ಒತ್ತಡವೇ ಕಲ್ಲನ್ನು ಹೊರಗೆ ತಳ್ಳುವುದುಂಟು. ಹುಳಿಯಿಂದ ನೋವು ಏರುತ್ತಲೇ ಹೋದರೆ ನಾಳ ಪೂರ್ತಿ ಮುಚ್ಚಿದೆಯೆಂದು ತಿಳಿದು ನಿಲ್ಲಿಸಬೇಕು. ಸೂಜಿಯಿಂದಾಗಲಿ ಪಿನ್ನಿನಿಂದಾಗಲಿ ನಾಳದ ಬಾಯನ್ನು ಕೆದಕುವ ಸಾಹಸವನ್ನು ಯಾರೂ ಮಾಡಕೂಡದು. ಆ ಗಾಯ ಮಾಯುವಾಗ ನಾಳದ ಬಾಯಿ ಇನ್ನಷ್ಟು ಕಿರಿದಾಗುತ್ತದೆ. ಕೀವಿದ್ದರೆ ಪ್ರತಿಜೀವಕ ಔಷಧ ಮೊದಲು. ಕೆರಳಿಕೆ ತಣಿದ ಮೇಲೆ ಕಲ್ಲಿನ ವಿಚಾರ. ಔಷಧದಿಂದ ಬಾವು ಇಳಿಯಿತೆಂದು ಅಲ್ಲಿಗೇ ಬಿಟ್ಟವರು ಬಹಳ. ಕಲ್ಲು ಇದ್ದಲ್ಲಿಯೇ ಇರುವುದರಿಂದ ಅವರು ಮತ್ತೆ ಅದೇ ದಾರಿಯಲ್ಲಿ ಬರಬೇಕಾಗುತ್ತದೆ.

ಎರಡನೆಯ ಮೆಟ್ಟಿಲು ಬಾಯಿಯ ಒಳಗಿನಿಂದಲೇ ಮಾಡುವ ಶಸ್ತ್ರಕ್ರಿಯೆ. ಕಲ್ಲು ನಾಳದ ಮುಂಭಾಗದಲ್ಲಿ ಬೆರಳಿಗೆ ಸಿಕ್ಕುವಂತಿದ್ದರೆ, ಆ ಜಾಗವನ್ನಷ್ಟೇ ಮರಗಟ್ಟಿಸಿ, ಕಲ್ಲು ಹಿಂದಕ್ಕೆ ಜಾರದಂತೆ ಅದರ ಹಿಂಬದಿಯಲ್ಲಿ ನಾಳದ ಸುತ್ತ ಒಂದು ದಾರವನ್ನು ಹಾಯಿಸಿ ಎತ್ತಿಹಿಡಿದು, ನಾಳವನ್ನು ಉದ್ದಕ್ಕೆ ಸೀಳಿ ಕಲ್ಲನ್ನು ಹೊರತೆಗೆಯುತ್ತಾರೆ. ಸೀಳಿದ ಅಂಚುಗಳನ್ನು ಬಾಯಿಯ ಪೊರೆಗೆ ಹೊಲಿದು ರಸಕ್ಕೆ ಅಗಲವಾದ ಹೊಸ ಬಾಗಿಲನ್ನು ಮಾಡಿಕೊಡುವುದೂ ಉಂಟು. ಗ್ರಂಥಿಯ ಹತ್ತಿರದ ಕಲ್ಲನ್ನು ತೆಗೆಯುವುದು ಹೆಚ್ಚು ನಾಜೂಕಿನ ಕೆಲಸ. ನಾಲಗೆಗೆ ಸ್ಪರ್ಶಜ್ಞಾನವನ್ನು ಕೊಡುವ ನರವು ನಾಳವನ್ನು ಅಡಿಯಿಂದ ಬಳಸಿ ಹೋಗುವುದರಿಂದ, ಅದನ್ನು ಕಂಡು, ಪಕ್ಕಕ್ಕೆ ಸರಿಸಿ, ಕಾಪಾಡಿಕೊಂಡು ಮುಂದುವರಿಯಬೇಕು.

ಮೂರನೆಯ ಮೆಟ್ಟಿಲಾದ ಅಂತರ್ದರ್ಶಕದ ವಿಧಾನ ಈಚಿನ ಕೆಲವು ದಶಕಗಳ ಕಾಣಿಕೆ. ಇದರ ಹಿರಿಮೆಯನ್ನು ತಿಳಿಯಲು ಪುಣೆಯದೇ ಒಂದು ಸಂಗತಿಯನ್ನು ನೆನೆಯಬಹುದು. ಬಾಗ್ದಾದಿನಿಂದ ಬಂದು ನೆಲೆಸಿದ ಯೆಹೂದಿ ವರ್ತಕ ಡೇವಿಡ್ ಸಸೂನರ ಔದಾರ್ಯದಿಂದ ಕಟ್ಟಿ, 1867ರಲ್ಲಿ ತೆರೆದ ಸಸೂನ್ ಆಸ್ಪತ್ರೆಯಲ್ಲಿ, 1924ರ ಜನವರಿ 12ರ ರಾತ್ರಿ, ಯರವಡಾ ಕಾರಾಗೃಹದಿಂದ ಕರೆತಂದ ಮಹಾತ್ಮಾ ಗಾಂಧಿಯವರಿಗೆ ಕರ್ನಲ್ ಮ್ಯಾಡಕ್ ಎಂಬ ಶಸ್ತ್ರವೈದ್ಯರು ಕರುಳಬಾಲದ ಶಸ್ತ್ರಕ್ರಿಯೆ ಮಾಡುತ್ತಿದ್ದಾಗ ಗುಡುಗುಮಳೆಗೆ ವಿದ್ಯುದ್ದೀಪ ಆರಿಹೋಗಿ, ಕಂದೀಲಿನ ಬೆಳಕಿನಲ್ಲಿ ಕೆಲಸವನ್ನು ಮುಗಿಸಬೇಕಾಯಿತು. ಶಸ್ತ್ರವೈದ್ಯನಿಗೆ ಕೈಚಳಕ ಎಷ್ಟು ಮುಖ್ಯವೋ ಬೆಳಕೂ ಅಷ್ಟೇ ಮುಖ್ಯ. ಬೆಳಕು ಹೊರಗಿನಿಂದ ಬೀಳುವವರೆಗೆ ಅವನು ದೇಹವನ್ನು ಅಗಲವಾಗಿ ತೆರೆಯದೆ ವಿಧಿಯಿಲ್ಲ. ಒಂದು ಮಿಲಿಮೀಟರಿನ ಆಸುಪಾಸಿನ ದಪ್ಪದ ಅಂತರ್ದರ್ಶಕವು ತನ್ನ ಬೆಳಕನ್ನು ತಾನೇ ಹೊತ್ತು, ನಾಳದ ಸಹಜವಾದ ಬಾಯಿಂದಲೇ ಒಳಹೊಕ್ಕು, ಉಪ್ಪುನೀರಿನಿಂದ ದಾರಿಯನ್ನು ಹಿಗ್ಗಿಸಿಕೊಂಡು ಕವಲುಕವಲುಗಳನ್ನು ಪರದೆಯ ಮೇಲೆ ತೋರಿಸುತ್ತದೆ. ಪ್ಯಾರಿಸ್ಸಿನಲ್ಲಿ ಫಿಲಿಪ್ ಕಾಟ್ಜ್, ಜಿನೀವದಲ್ಲಿ ಫ್ರಾನ್ಸಿಸ್ ಮಾರ್ಶಲ್ ಮೊದಲಾದವರು 1990ರ ದಶಕದಲ್ಲಿ ಬೆಳೆಸಿದ ಈ ವಿಧಾನದಲ್ಲಿ, ಸುಮಾರು ನಾಲ್ಕು ಮಿಲಿಮೀಟರಿನವರೆಗಿನ, ಅಂಟಿಕೊಳ್ಳದೆ ಹೊರಳಾಡುವ ಕಲ್ಲುಗಳನ್ನು ತಂತಿಯ ಪುಟ್ಟ ಬುಟ್ಟಿಯಲ್ಲಿ ಹಿಡಿದು ಹೊರಗೆಳೆಯುತ್ತಾರೆ. ಅದಕ್ಕಿಂತ ದೊಡ್ಡವನ್ನು ಲೇಸರಿನಿಂದ ಒಡೆಯುವುದುಂಟು, ಅಥವಾ ಅಂತರ್ದರ್ಶಕದಿಂದ ನೆಲೆಯನ್ನು ಗುರುತಿಸಿಕೊಂಡು ಸಣ್ಣ ಗಾಯದಿಂದ ತೆಗೆಯುವುದುಂಟು. ಮೂತ್ರಪಿಂಡದ ಕಲ್ಲಿಗೆ ಮಾಡುವಂತೆಯೇ ಹೊರಗಿನಿಂದ ಆಘಾತತರಂಗಗಳನ್ನು ಹಾಯಿಸಿ ಪುಡಿಮಾಡುವ ಕ್ರಮವನ್ನು ಜರ್ಮನಿಯ ಎರ್ಲಾಂಗೆನ್ ನಗರದ ವೈದ್ಯರು 1989ರಲ್ಲಿ ಲಾಲಾಶ್ಮರಿಗೂ ಅನ್ವಯಿಸಿ ತೋರಿಸಿದರು.

ಕಡೆಯ ಮೆಟ್ಟಿಲು ಗ್ರಂಥಿಯನ್ನೇ ತೆಗೆಯುವುದು. ಒಂದು ಕಾಲದಲ್ಲಿ ಗ್ರಂಥಿಯೊಳಗೆ ಕಲ್ಲಿದೆಯೆಂದರೆ ಇದೇ ನೇರವಾದ ವಿಧಿಯಾಗಿತ್ತು. ಮತ್ತೆಮತ್ತೆ ಕೀವುಗಟ್ಟಿ ಗ್ರಂಥಿ ನಾರುಗಟ್ಟಿದಾಗ, ಬೇರೆಯ ಉಪಾಯಗಳೆಲ್ಲ ಸೋತಾಗ, ಇಂದಿಗೂ ಇದೇ ಸರಿಯಾದ ದಾರಿ. ಅಧೋಹನು ಗ್ರಂಥಿಯನ್ನು ತೆಗೆಯುವಾಗ ಕೆಳತುಟಿಯನ್ನು ಆಡಿಸುವ ಕಿರುನರವು ದವಡೆಯ ಅಂಚಿನಲ್ಲಿ ಹಾಯುವುದರಿಂದ ಕತ್ತಿನಲ್ಲಿ ಎರಡು ಬೆರಳಗಲ ಕೆಳಗೆ ಕೊಯ್ಯುತ್ತಾರೆ. ಕರ್ಣಪೂರ್ವ ಗ್ರಂಥಿಯ ನಡುವೆಯೇ ಮುಖದ ಸ್ನಾಯುಗಳನ್ನು ಆಳುವ ನರ ಕವಲೊಡೆಯುವುದರಿಂದ ಅಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಒಂದು ಗ್ರಂಥಿ ಹೋದರೆ ಬಾಯಿ ಒಣಗುವುದೇನೋ ಎಂಬ ಭಯ ಸಾಮಾನ್ಯವಾಗಿ ನಿರಾಧಾರ. ಉಳಿದವು ಅದರ ಹೊರೆಯನ್ನು ಹೊರುತ್ತವೆ. ಆದರೂ ಇರುವ ಅಂಗವನ್ನು ಉಳಿಸಿಕೊಳ್ಳುವುದೇ ಮೇಲು. ಬಹುಕಾಲ ಕಟ್ಟಿನಿಂತಿದ್ದ ಗ್ರಂಥಿಯೂ ಕಲ್ಲು ಹೋದ ಮೇಲೆ ಚೇತರಿಸಿಕೊಂಡು ಮತ್ತೆ ರಸ ಸುರಿಸಬಲ್ಲದೆಂಬುದನ್ನು ವೈದ್ಯರು ಪರೀಕ್ಷಿಸಿ ಕಂಡಿದ್ದಾರೆ; ಇಂದಿನ ಚಿಕಿತ್ಸೆಯ ಒಲವೆಲ್ಲ ಆ ಕಡೆಗೇ.

ಮುಂಬಯಿ ಪ್ರಾಂತದ ಕಾಲದಲ್ಲಿ ಬೆಳಗಾವಿ, ಧಾರವಾಡ, ವಿಜಾಪುರಗಳ ಜನ ದೊಡ್ಡ ಚಿಕಿತ್ಸೆ ಬೇಕಾದಾಗ ಮಿರಜಿನ ಮಿಷನ್ ಆಸ್ಪತ್ರೆಯನ್ನೋ ಪುಣೆಯನ್ನೋ ನೆನೆಯುತ್ತಿದ್ದರು. ಇಂದು ಸಸೂನ್ ಆಸ್ಪತ್ರೆಯೊಡನೆ 1946ರಲ್ಲಿ ಸ್ಥಾಪಿತವಾದ ಬಿ.ಜೆ. ವೈದ್ಯಕೀಯ ಕಾಲೇಜು, 1948ರಲ್ಲಿ ಸ್ಥಾಪಿತವಾದ ಸೈನ್ಯದ ವೈದ್ಯಕೀಯ ಕಾಲೇಜು, ದಂತವೈದ್ಯಕೀಯ ಕಾಲೇಜುಗಳು ಈ ನಗರದಲ್ಲಿವೆ. ಹುಬ್ಬಳ್ಳಿ, ಬೆಳಗಾವಿಗಳಲ್ಲಿಯೂ ವೈದ್ಯಕೀಯ ಕಾಲೇಜುಗಳಿವೆ. ಕಿವಿ, ಮೂಗು, ಗಂಟಲುಗಳ ವೈದ್ಯರಾಗಲಿ, ಮುಖ ಮತ್ತು ದವಡೆಗಳ ಶಸ್ತ್ರವೈದ್ಯರಾಗಲಿ ಈ ವ್ಯಾಧಿಯನ್ನು ನೋಡುತ್ತಾರೆ. ಅವರಲ್ಲಿಗೆ ಹೋಗುವಾಗ ಬಾವು ಬಂದ ದಿನ, ಅಂದು ತಿಂದ ತಿನಿಸು, ಅದು ಇಳಿದ ಹೊತ್ತು ಇವನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿರಿ. ಆಗುವುದಾದರೆ ಬಾವು ಎದ್ದಿರುವಾಗಲೇ ಹೋಗಿರಿ, ಇಲ್ಲವೆ ಮನೆಯವರಿಂದ ಒಂದು ಛಾಯಾಚಿತ್ರವನ್ನಾದರೂ ತೆಗೆಸಿಟ್ಟುಕೊಳ್ಳಿರಿ. ಗ್ರಂಥಿಯನ್ನು ತೆಗೆಯಬೇಕೆಂದು ಯಾರಾದರೂ ಹೇಳಿದರೆ, ಕಲ್ಲು ಎಷ್ಟು ದೊಡ್ಡದು, ಎಲ್ಲಿದೆ, ಬಾಯೊಳಗಿನಿಂದಲೋ ಅಂತರ್ದರ್ಶಕದಿಂದಲೋ ತೆಗೆಯಲಾಗದೇ, ನನ್ನ ಗ್ರಂಥಿ ಇನ್ನೂ ಕೆಲಸ ಮಾಡುತ್ತಿದೆಯೇ ಎಂಬ ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಿರಿ. ಕಲ್ಲು ತೆಗೆಸಿಕೊಂಡ ಮೇಲೂ ಕೆಲವರಲ್ಲಿ ಅದು ಮರುಕಳಿಸುವುದುಂಟಾದುದರಿಂದ ನೀರು ಕುಡಿಯುವ ಅಭ್ಯಾಸವನ್ನೂ ಬಾಯಿಯ ಶುಚಿಯನ್ನೂ ಬಿಡದಿರಿ. ಇಷ್ಟನ್ನು ಪಾಲಿಸಿದವರಿಗೆ ಲಾಲಾಶ್ಮರಿಯಿಂದ ಭಯಪಡಬೇಕಾದ ಕಾರಣವೇ ಇಲ್ಲ. ಇದು ಬೇಗ ಬಂದು ತೋರಿಸಿಕೊಂಡವರಿಗೆ ಬಹುಮಟ್ಟಿಗೆ ಸುಲಭವಾಗಿ ಗುಣವಾಗುವ ವ್ಯಾಧಿ.